ಖದೀಜಾ ಎಂಬ ಹೆಸರಿನ ಅರ್ಥ ‘ದಿನ ತುಂಬದೆ ಹುಟ್ಟಿದವಳು’ ಎಂಬುದು ಸರಿಯೇ?

ಪಾಂಡೇಶ್ವರದ ಅಜ್ಜ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿದೆ. ನನ್ನ ಉಮ್ಮನ ಹೆಸರಾದ ಖದೀಜಾ ಎಂಬುದನ್ನೇ ಮಗುವಿಗೆ ಇಡಬೇಕೆಂದು ಎರಡೂ ಕಡೆಯವರು ಒಪ್ಪಿದ್ದರು. ಅಷ್ಟರಲ್ಲಿ ಮನೆಯ ಹುಡುಗನೊಬ್ಬ ಮೊಬೈಲಿನಲ್ಲಿ ಹುಡುಕಿ, ಒಂದು ಜಾಲತಾಣದಲ್ಲಿ ‘ನಂಬಿಕಸ್ಥೆ, ಗೌರವಾನ್ವಿತೆ’ ಎಂಬ ಅರ್ಥವನ್ನೂ ಇನ್ನೊಂದರಲ್ಲಿ ‘ದಿನ ತುಂಬುವ ಮೊದಲೇ ಹುಟ್ಟಿದವಳು’ ಎಂಬ ಅರ್ಥವನ್ನೂ ತೋರಿಸಿದ. ಎರಡನೆಯದನ್ನು ಕೇಳಿ ನಮ್ಮ ಬೀಗಿತ್ತಿಯವರ ಮುಖ ಸಣ್ಣದಾಯಿತು. ತಿಂಗಳು ತುಂಬಿ, ಆರೋಗ್ಯವಾಗಿ ಹುಟ್ಟಿದ ಕೂಸಿಗೆ ಇಂಥ ಅರ್ಥದ ಹೆಸರು ಏಕೆ ಎಂಬುದು ಅವರ ಪ್ರಶ್ನೆ. ಪ್ರವಾದಿಯವರ ಮೊದಲ ಪತ್ನಿಯ ಹೆಸರು ಕೆಟ್ಟದ್ದಾಗಿರಲಾರದು ಎಂಬುದರಲ್ಲಿ ನನಗೇನೂ ಸಂದೇಹವಿಲ್ಲ. ಆದರೂ ಅರಬಿ ಬಲ್ಲವರು ಈ ಪದದ ಮೂಲವನ್ನು ತಿಳಿಸಿಕೊಟ್ಟರೆ ಉಪಕಾರವಾದೀತು. ಸಮಾಧಾನ ಹೇಳುವ ಮಾತು ಬೇಡ, ನಿಘಂಟಿನಲ್ಲಿ ಇರುವುದು ಬೇಕು.

ಪದಶೋಧಕ

ಅಜ್ಜನವರಿಗೆ ಸಲಾಂ. ನಿಘಂಟಿನಲ್ಲಿ ಇರುವುದನ್ನೇ ಹೇಳುತ್ತೇನೆ. ನಿಮ್ಮ ಹುಡುಗ ತೋರಿಸಿದ ಎರಡನೆಯ ಅರ್ಥ ಸರಿಯಾದದ್ದೇ. ಆದರೆ ಆ ಜಾಲತಾಣದವರು ಅರ್ಧ ಹೇಳಿ ಬಿಟ್ಟಿದ್ದಾರೆ, ಬೀಗಿತ್ತಿಯವರ ಪ್ರಶ್ನೆಗೆ ಉತ್ತರ ಇರುವುದು ಉಳಿದ ಅರ್ಧದಲ್ಲಿ.

ಅರಬಿಯ ಬಹುಪಾಲು ಪದಗಳು ಮೂರು ವ್ಯಂಜನಗಳ ಧಾತುವಿನಿಂದ ಬೆಳೆಯುತ್ತವೆ. ಈ ಹೆಸರಿನ ಧಾತು ಖಾ, ದಾಲ್, ಜೀಮ್ ಎಂಬ ಮೂರು ಅಕ್ಷರಗಳದ್ದು. ಒಂದೊಂದು ಧಾತುವಿನ ಎಲ್ಲ ಪದಗಳ ಹಿಂದೆಯೂ ಇರುವ ಮೂಲಭಾವವನ್ನು ಹಿಡಿಯಲು ಹೊರಟ ಭಾಷಾವಿದ್ವಾಂಸ ಇಬ್ನ್ ಫಾರಿಸ್ (ನಿಧನ 1004) ಇದನ್ನು ‘ಕೊರತೆಯನ್ನು ಸೂಚಿಸುವ ಒಂದೇ ಮೂಲ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಇಷ್ಟನ್ನೇ ಓದಿದವರಿಗೆ ಗಾಬರಿಯಾಗುವುದು ಸಹಜ. ಆದರೆ ಯಾವುದರ ಕೊರತೆ ಎಂಬುದನ್ನು ಹಳೆಯ ಅರಬರು ಬಹಳ ಸೂಕ್ಷ್ಮವಾಗಿ ಬಿಡಿಸಿಟ್ಟಿದ್ದಾರೆ. ಅವರ ಮಾತೆಲ್ಲ ಒಂಟೆಯ ಸುತ್ತಲೇ ಸುತ್ತುವುದರಿಂದ ವಿವರಣೆಯೂ ಒಂಟೆಯಿಂದಲೇ ಆರಂಭವಾಗುತ್ತದೆ. ಹೆಣ್ಣು ಒಂಟೆಯ ಗರ್ಭಾವಧಿ ಸುಮಾರು 13 ತಿಂಗಳು. ಆ ಅವಧಿ ತುಂಬುವ ಮೊದಲೇ ಅದು ಮರಿ ಹಾಕಿದರೆ, ಮರಿಯ ಅಂಗಾಂಗಗಳೆಲ್ಲ ಪೂರ್ಣವಾಗಿ ಮೂಡಿದ್ದರೂ, ‘ಖದಜತ್’ ಎನ್ನುತ್ತಾರೆ. ಅವಧಿಯೇನೋ ತುಂಬಿದ್ದು ಮರಿಯ ರೂಪದಲ್ಲಿಯೇ ಊನವಿದ್ದರೆ ‘ಅಖ್ದಜತ್’ ಎನ್ನುತ್ತಾರೆ. ಧಾತು ಒಂದೇ ಆದರೂ ಕ್ರಿಯಾಪದದ ರೂಪ ಬೇರೆ, ಅರ್ಥವೂ ಬೇರೆ. 1290ರಲ್ಲಿ ಇಬ್ನ್ ಮನ್‌ಜೂರರು ಮುಗಿಸಿದ ‘ಲಿಸಾನುಲ್ ಅರಬ್’ ಎಂಬ ಮಹಾನಿಘಂಟು ಈ ಭೇದವನ್ನು ದಾಖಲಿಸಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎಡ್ವರ್ಡ್ ಲೇನ್ ಹಳೆಯ ಅರಬಿ ಕೋಶಗಳನ್ನು ಸೋಸಿ ಇಂಗ್ಲಿಷಿಗೆ ತಂದಾಗಲೂ ಇದನ್ನು ಉಳಿಸಿಕೊಂಡರು.

ಖದೀಜ್ ಎಂಬ ಪದ, ಅದರ ಸ್ತ್ರೀಲಿಂಗವಾದ ಖದೀಜಾ, ಇವೆರಡೂ ಮೊದಲನೆಯ ಕ್ರಿಯಾಪದದ ಕಡೆಯವು. ಎರಡನೆಯ ಕ್ರಿಯಾಪದದಿಂದ ಬಂದ ವಿಶೇಷಣ ‘ಮುಖ್ದಜ್’. 658ರಲ್ಲಿ ನಹ್ರವಾನ್ ಎಂಬಲ್ಲಿ ನಾಲ್ಕನೆಯ ಖಲೀಫರಾದ ಅಲಿಯವರಿಗೂ ಅವರ ಪಕ್ಷದಿಂದ ಸಿಡಿದುಹೋದ ಖಾರಿಜಿ ಪಂಗಡದವರಿಗೂ ನಡೆದ ಕಾಳಗದಲ್ಲಿ ಸತ್ತ, ಕೈ ಊನವಾಗಿದ್ದ ವ್ಯಕ್ತಿಯೊಬ್ಬನನ್ನು ಹದೀಸುಗಳು (ಪ್ರವಾದಿಯವರ ನಡೆನುಡಿಗಳ ವರದಿಗಳು) ‘ಮುಖ್ದಜುಲ್ ಯದ್’, ಎಂದರೆ ಕೈಯಲ್ಲಿ ಊನವುಳ್ಳವನು ಎಂದು ವರ್ಣಿಸುತ್ತವೆ. ಹೆಣ್ಣು ಮಕ್ಕಳಿಗೆ ಇಟ್ಟ ಹೆಸರು ಈ ಕಡೆಯದಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಗೆ ಕರಾರುವಾಕ್ಕಾದ ಉತ್ತರ ಹೀಗಿರಬೇಕು: ಖದೀಜಾ ಎಂದರೆ ಅವಧಿಗೆ ಮೊದಲೇ ಹುಟ್ಟಿದರೂ ರೂಪದಲ್ಲಿ ಪೂರ್ಣಳಾಗಿರುವ ಹೆಣ್ಣು ಕೂಸು. ಕೊರತೆಯಿರುವುದು ದಿನಗಳಲ್ಲಿ, ಕೂಸಿನಲ್ಲಿ ಯಾವ ಕೊರತೆಯೂ ಇಲ್ಲ.

ಹೆಸರುಗಳ ಹವ್ಯಾಸಿ

ಪದಶೋಧಕರ ವಿವರಣೆ ವಿದ್ವತ್ಪೂರ್ಣವಾಗಿದೆ. ಆದರೂ ಒಂದು ತಕರಾರು. ಹೆಸರಿನ ಅರ್ಥವನ್ನು ಧಾತುವಿನಲ್ಲಿ ಮಾತ್ರ ಹುಡುಕುವುದು ಎಷ್ಟು ಸರಿ? ‘ನಂಬಿಕಸ್ಥೆ’ ಎಂಬ ಅರ್ಥವನ್ನು ಮಕ್ಕಳ ಹೆಸರಿನ ಪುಸ್ತಕಗಳೂ ಜಾಲತಾಣಗಳೂ ಕೊಡುತ್ತಲೇ ಬಂದಿವೆ. ಸಾವಿರಾರು ತಂದೆತಾಯಿಯರು ಅದನ್ನು ನಂಬಿಯೇ ಹೆಸರಿಟ್ಟಿದ್ದಾರೆ. ಜನ ಬಳಸುವ ಅರ್ಥವನ್ನು ನಿಘಂಟು ಹಿಡಿದು ತಳ್ಳಿಹಾಕುವುದು ಪಂಡಿತರ ಹಟವಾಗುತ್ತದೆ.

ಪದಶೋಧಕ

ಜನಬಳಕೆಗೆ ನಾನು ವಿರೋಧಿಯಲ್ಲ. ಆದರೆ ಬಳಕೆಯ ಅರ್ಥವೆಂದರೆ ಆ ಭಾಷೆಯನ್ನು ಆಡುವವರ ಬಳಕೆಯಲ್ಲಿರುವ ಅರ್ಥ. ಅರಬಿ ಆಡುವ ಯಾರೂ ‘ನಂಬಿಕಸ್ಥೆ’ ಎನ್ನಲು ಖದೀಜಾ ಎಂಬ ಪದವನ್ನು ಬಳಸುವುದಿಲ್ಲ. ಅದಕ್ಕೆ ‘ಅಮೀನಾ’ ಎಂಬ ಪದ ಇದೆ, ಅದೂ ಹೆಣ್ಣು ಮಕ್ಕಳ ಹೆಸರೇ. ಈ ಗೊಂದಲ ಹುಟ್ಟಿದ ಬಗೆಯ ಕುರಿತು ನನ್ನ ಊಹೆಯೊಂದಿದೆ, ಊಹೆಯೆಂದೇ ಓದಿಕೊಳ್ಳಿ. ಮಕ್ಕಾದ ಕುರೈಶ್ ಬುಡಕಟ್ಟಿನಲ್ಲಿ ಅಸದ್ ಕುಲದ ಖುವೈಲಿದ್ ಎಂಬವರ ಮಗಳಾದ ಖದೀಜಾ ಸ್ವಂತ ಬಂಡವಾಳದಿಂದ ವ್ಯಾಪಾರ ನಡೆಸುತ್ತಿದ್ದ ಶ್ರೀಮಂತ ಮಹಿಳೆ. ತಮ್ಮ ಸರಕನ್ನು ಸಿರಿಯಾದ ಕಡೆಗೆ ಒಯ್ಯಲು ಅವರು ಮುಹಮ್ಮದರನ್ನು ನೇಮಿಸಿ, ಜೊತೆಗೆ ಮೈಸರಾ ಎಂಬ ಸೇವಕನನ್ನು ಕಳುಹಿಸಿದರೆಂದು ಜೀವನಚರಿತ್ರೆಗಳು ಹೇಳುತ್ತವೆ. ಅಲ್ಲಿ ‘ಅಲ್ ಅಮೀನ್’, ಎಂದರೆ ನಂಬಿಕಸ್ಥ ಎಂಬ ಬಿರುದು ಇದ್ದದ್ದು ಮುಹಮ್ಮದರಿಗೆ. ಖದೀಜಾ ಅವರಿಗಿದ್ದ ಬಿರುದು ‘ತಾಹಿರಾ’, ಎಂದರೆ ಪರಿಶುದ್ಧೆ. ಮುಂದೆ ‘ಕುಬ್ರಾ’, ಎಂದರೆ ಹಿರಿಯಳು, ಮಹಿಮಾವಂತೆ ಎಂಬುದೂ ಸೇರಿಕೊಂಡಿತು. ಗಂಡನ ಬಿರುದು, ಹೆಂಡತಿಯ ಬಿರುದು, ಅವರ ಚಾರಿತ್ರ್ಯದ ಕೀರ್ತಿ ಎಲ್ಲವನ್ನೂ ಕಲಸಿ ಯಾರೋ ‘ಅರ್ಥ’ ಎಂಬ ಕಲಮಿನ ಕೆಳಗೆ ಬರೆದಿರಬೇಕು. ಆ ಕೀರ್ತಿ ಹೆಸರನ್ನು ಹೊತ್ತವರು ಗಳಿಸಿದ್ದು. ಅದನ್ನು ಧಾತುವಿನ ಲೆಕ್ಕಕ್ಕೆ ಬರೆದರೆ ಅವರ ಗಳಿಕೆಯನ್ನೇ ಕಿತ್ತುಕೊಂಡಂತೆ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮರುಳುನಾಡಿನ ದಾದಿ

ನಾನು ಕೊಲ್ಲಿ ದೇಶವೊಂದರ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿದ್ದೇನೆ, ಊರು ಉತ್ತರ ಕನ್ನಡ. ಪದಶೋಧಕರು ಹಳೆಯ ನಿಘಂಟುಗಳಿಂದ ಹೇಳಿದ್ದು ನಮಗೆ ಇಲ್ಲಿ ದಿನನಿತ್ಯದ ಮಾತು. ದಿನ ತುಂಬದ ಮಗುವಿಗೆ ಇಂದಿನ ಅರಬಿ ವೈದ್ಯಕೀಯದಲ್ಲಿ ಇರುವ ಪದ ‘ಖದೀಜ್’, ಅದರ ಬಹುವಚನ ‘ಖುದ್ದಜ್’. ನಮ್ಮ ಘಟಕದ ಬಾಗಿಲ ಮೇಲಿನ ಅರಬಿ ಫಲಕದಲ್ಲಿಯೂ ಇದೇ ಪದವಿದೆ. ಹೆಸರಿಡುವ ತನಕ ಮಗುವಿನ ಕಾಲಿಗೆ ಕಟ್ಟುವ ಪಟ್ಟಿಯ ಮೇಲೆ ತಾಯಿಯ ಹೆಸರಷ್ಟೇ ಇರುತ್ತದೆ. ಇನ್‌ಕ್ಯುಬೇಟರಿನ ಗಾಜಿನೊಳಗೆ ಮಲಗಿರುವ ಆ ಕೂಸುಗಳ ಉಗುರು, ರೆಪ್ಪೆ, ಅಂಗೈಯ ಗೆರೆ ಎಲ್ಲವೂ ಮೂಡಿರುತ್ತವೆ. ಇಲ್ಲದಿರುವುದು ಚರ್ಮದಡಿಯ ಕೊಬ್ಬು, ಉಸಿರಾಟದ ಬಲ, ಹಾಲು ಚೀಪಿ ನುಂಗುವ ಶಕ್ತಿ. ಅವಧಿ ಕಡಿಮೆ, ರೂಪ ಪೂರ್ಣ ಎಂದು ಒಂಟೆ ಸಾಕುವವರು ಗುರುತಿಸಿದ್ದ ಭೇದವನ್ನು ನಾವು ಪಾಳಿಗೊಮ್ಮೆ ನೋಡುತ್ತಲೇ ಇರುತ್ತೇವೆ. 37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ವಿಶ್ವ ಆರೋಗ್ಯ ಸಂಸ್ಥೆ ಅವಧಿಪೂರ್ವ ಶಿಶು ಎಂದು ಕರೆಯುತ್ತದೆ. ಅಂಗದೋಷದೊಂದಿಗೆ ಹುಟ್ಟುವುದನ್ನು ನಮ್ಮ ದಾಖಲೆಗಳಲ್ಲಿ ಬೇರೆಯೇ ಗುರುತಿಸುತ್ತೇವೆ.

ಇನ್ನೊಂದು ಮಾತು. ಇಲ್ಲಿನ ತಾಯಂದಿರಿಗೆ ಖುದ್ದಜ್ ಎಂಬ ಪದ ಚೆನ್ನಾಗಿ ಗೊತ್ತಿದೆ, ಖದೀಜಾ ಎಂಬ ಹೆಸರೂ ಗೊತ್ತಿದೆ. ದಿನ ತುಂಬಿದ ಮಕ್ಕಳಿಗೂ ಧಾರಾಳವಾಗಿ ಖದೀಜಾ ಎಂದು ಇಡುತ್ತಾರೆ. ಯಾರೊಬ್ಬರೂ ಅದರಿಂದ ಮುಖ ಸಣ್ಣ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರು

ಚರ್ಚೆ ಬಹಳ ಚೆನ್ನಾಗಿ ಸಾಗಿದೆ. ಅರಬಿ ನನಗೆ ಬಾರದು, ಆದರೆ ಹೆಸರಿಡುವ ಪದ್ಧತಿಯ ಕುರಿತು ಒಂದು ಮಾತು ಸೇರಿಸಬಹುದು. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಕಲ್ಲಪ್ಪ, ಗುಂಡಪ್ಪ, ಹುಚ್ಚಪ್ಪ ಎಂಬ ಹೆಸರುಗಳಲ್ಲಿ ಅನೇಕವು ಹೀಗೆಯೇ ದೃಷ್ಟಿ ತಾಗದಿರಲೆಂದು ಇಟ್ಟವು. ಮೇಲಿಂದ ಮೇಲೆ ಹೆಣ್ಣೇ ಹುಟ್ಟಿದಾಗ ಸಾಕಮ್ಮ ಎಂದು ಇಟ್ಟದ್ದೂ ಉಂಟು. ತಿಪ್ಪಮ್ಮನೆಂಬ ಹೆಸರಿನ ಅಜ್ಜಿಯನ್ನು ಕಂಡಾಗ ನಮಗಾರಿಗೂ ತಿಪ್ಪೆ ನೆನಪಾಗುವುದಿಲ್ಲ. ಅರಬರಲ್ಲಿಯೂ ಇಂಥ ವಾಡಿಕೆ ಇದ್ದಿತೇ ಎಂಬುದನ್ನು ಬಲ್ಲವರು ಹೇಳಬೇಕು.

ಪದಶೋಧಕ

ಮೇಷ್ಟ್ರೇ, ಧಾರಾಳವಾಗಿ ಇತ್ತು. ಇಸ್ಲಾಮಿಗೆ ಮೊದಲಿನ ಅರಬರಲ್ಲಿ ಕಲ್ಬ್ (ನಾಯಿ), ಹನ್‌ಜಲಾ (ಕಹಿ ಹಾವುಮೆಕ್ಕೆ), ಮುರ್ರಾ (ಕಹಿ), ಸಖ್ರ್ (ಬಂಡೆ), ಹರ್ಬ್ (ಯುದ್ಧ) ಎಂಬ ಹೆಸರುಗಳು ಗಣ್ಯರ ಮನೆಗಳಲ್ಲಿಯೇ ಇದ್ದವು. ಮುರ್ರಾ ಎಂಬುದು ಪ್ರವಾದಿಯವರ ವಂಶಾವಳಿಯಲ್ಲಿಯೇ ಬರುವ ಹೆಸರು. ಮುಂದೆ ಅರಬೇತರ ವಿದ್ವಾಂಸರಲ್ಲಿ ಕೆಲವರು ‘ಇದೆಂಥ ಹೆಸರುಗಳು’ ಎಂದು ಗೇಲಿ ಮಾಡಿದಾಗ, ಬಸ್ರಾದ ಭಾಷಾವಿದ್ವಾಂಸ ಇಬ್ನ್ ದುರೈದ್ (ನಿಧನ 933) ಅರಬ್ ಹೆಸರುಗಳ ವ್ಯುತ್ಪತ್ತಿಯನ್ನೇ ವಿಷಯವಾಗಿಸಿಕೊಂಡು ಒಂದು ಇಡೀ ಗ್ರಂಥ ಬರೆದರು. ಮಕ್ಕಳಿಗೆ ಇಡುವ ಹೆಸರು ಶತ್ರುಗಳು ಹೆದರುವಂತಿರಲಿ, ಆಳುಗಳಿಗೆ ಇಡುವ ಹೆಸರು ನಮ್ಮ ಕಿವಿಗೆ ಇಂಪಾಗಿರಲಿ ಎಂಬ ಧೋರಣೆ ಅರಬರಲ್ಲಿ ಇತ್ತೆಂಬುದು ಆ ಗೇಲಿಗೆ ಸಿಕ್ಕ ಉತ್ತರಗಳಲ್ಲಿ ಒಂದು.

ಆದರೆ ಖದೀಜಾ ಎಂಬುದನ್ನು ನಾನು ದೃಷ್ಟಿ ತೆಗೆಯುವ ಹೆಸರುಗಳ ಸಾಲಿಗೆ ಸೇರಿಸಲಾರೆ. ಅದು ಹುಟ್ಟಿದ ಸನ್ನಿವೇಶವನ್ನು ಹೇಳುವ ಹೆಸರುಗಳ ಜಾತಿಗೆ ಸೇರಿದ್ದು. ನಿಮ್ಮ ಉದಾಹರಣೆಗಳಲ್ಲಿ ತಿಪ್ಪಮ್ಮನಿಗಿಂತ ಸಾಕಮ್ಮನಿಗೆ ಹತ್ತಿರ. ಮೊದಲಿಗೆ ಯಾವುದೋ ಒಂದು ಕೂಸು ನಿಜವಾಗಿಯೂ ಬೇಗ ಹುಟ್ಟಿ ಆ ಹೆಸರು ಪಡೆದಿರಬೇಕು. ಆಮೇಲೆ ಅಜ್ಜಿಯ ಹೆಸರು ಮೊಮ್ಮಗಳಿಗೆ ಹೋಗುವ ದಾರಿಯಲ್ಲಿ ಸನ್ನಿವೇಶ ಕಳಚಿಕೊಂಡು ಹೆಸರಷ್ಟೇ ಉಳಿಯುತ್ತದೆ. ಖುವೈಲಿದರ ಮಗಳು ಖದೀಜಾ ಅವಧಿಗೆ ಮೊದಲೇ ಹುಟ್ಟಿದವರೆಂದು ಅತ್ಯಂತ ಹಳೆಯ ಜೀವನಚರಿತ್ರೆಗಳಾದ ಇಬ್ನ್ ಇಸ್ಹಾಕ್, ಇಬ್ನ್ ಹಿಶಾಮರ ಬರಹಗಳು ಎಲ್ಲಿಯೂ ಹೇಳುವುದಿಲ್ಲ.

ಹೆಸರುಗಳ ಹವ್ಯಾಸಿ

ಕೆಟ್ಟ ಅರ್ಥದ ಹೆಸರುಗಳನ್ನು ಪ್ರವಾದಿಯವರು ಬದಲಾಯಿಸುತ್ತಿದ್ದರೆಂದು ಕೇಳಿದ್ದೇನೆ. ಹಾಗಾದರೆ ‘ಕೊರತೆ’ ಎಂಬ ಧಾತುವಿನ ಈ ಹೆಸರನ್ನು ಏಕೆ ಹಾಗೆಯೇ ಬಿಟ್ಟರು?

ನದಿ ತೀರದ ಉಸ್ತಾದ್

ಈ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. ಹೆಸರು ಬದಲಾಯಿಸಿದ ಪ್ರಸಂಗಗಳು ಹದೀಸ್ ಸಂಗ್ರಹಗಳಲ್ಲಿ ಇರುವುದು ನಿಜ. ಎರಡನೆಯ ಖಲೀಫರಾದ ಉಮರ್ ಅವರ ಮಗಳೊಬ್ಬಳ ಹೆಸರು ‘ಆಸಿಯಾ’, ಎಂದರೆ ಅವಿಧೇಯೆ, ಎಂದಿದ್ದದ್ದನ್ನು ‘ಜಮೀಲಾ’ (ಸುಂದರಿ) ಎಂದು ಬದಲಾಯಿಸಲಾಯಿತು. ಫಿರ್‌ಔನನ ಪತ್ನಿ ಆಸಿಯಾ ಎಂಬ ಹೆಸರಿನ ಕಾಗುಣಿತ ಅರಬಿಯಲ್ಲಿ ಬೇರೆ, ಅವೆರಡನ್ನೂ ಕನ್ನಡದಲ್ಲಿ ಒಂದೇ ರೀತಿ ಬರೆಯುವುದರಿಂದ ಗೊಂದಲವಾಗುವುದುಂಟು. ‘ಬರ್ರಾ’ ಎಂಬ ಹೆಸರಿಗೆ ಪುಣ್ಯವತಿ ಎಂಬ ಒಳ್ಳೆಯ ಅರ್ಥವೇ ಇದ್ದರೂ, ಅದು ತನ್ನನ್ನು ತಾನೇ ಹೊಗಳಿಕೊಂಡಂತೆ ಆಗುತ್ತದೆಂದು ಅದನ್ನೂ ಬದಲಾಯಿಸಿದರು. ಹಾಗೆ ಬದಲಾದವರಲ್ಲಿ ಪ್ರವಾದಿಯವರ ಪತ್ನಿಯರಾದ ಜೈನಬ್ ಹಾಗೂ ಜುವೈರಿಯಾ ಇಬ್ಬರೂ ಇದ್ದಾರೆ. ಅಂದರೆ ಬದಲಾವಣೆಗೆ ಕಾರಣವಾಗುತ್ತಿದ್ದದ್ದು ಹೆಸರಿನಲ್ಲಿ ಅಡಗಿರುವ ಪಾಪದ ಅಥವಾ ಜಂಬದ ಸೂಚನೆ. ಬೇಗ ಹುಟ್ಟುವುದರಲ್ಲಿ ಪಾಪವೂ ಇಲ್ಲ, ಜಂಬವೂ ಇಲ್ಲ.

ಇದೇ ಧಾತುವಿನ ‘ಖಿದಾಜ್’ ಎಂಬ ಪದ ನಮಗೆ ಮದ್ರಸಾದ ಪಾಠದಿಂದಲೇ ಪರಿಚಿತ. ಕುರ್‌ಆನಿನ ಮೊದಲ ಅಧ್ಯಾಯವಾದ ಫಾತಿಹಾವನ್ನು ಓದದೆ ಮಾಡಿದ ನಮಾಜು ‘ಖಿದಾಜ್’, ಅಪೂರ್ಣ ಎಂದು ಅಬೂ ಹುರೈರಾ ವರದಿ ಮಾಡಿದ ಹದೀಸಿನಲ್ಲಿ ಆ ಪದ ಮೂರು ಬಾರಿ ಬರುತ್ತದೆ. ಪಾಠ ಹೇಳುವಾಗ ನಾನು ಮಕ್ಕಳಿಗೆ ಖದೀಜಾ ಎಂಬ ಹೆಸರನ್ನು ನೆನಪಿಸಿಯೇ ಆ ಪದವನ್ನು ವಿವರಿಸುತ್ತೇನೆ. ತರಗತಿಯಲ್ಲಿ ಒಬ್ಬಳಾದರೂ ಖದೀಜಾ ಇದ್ದೇ ಇರುತ್ತಾಳೆ, ಅವಳಿಗೆ ಆ ಪದ ಮತ್ತೆ ಮರೆಯುವುದಿಲ್ಲ.

ಕುರ್‌ಆನಿನಲ್ಲಿ ಖದೀಜಾ ಎಂಬ ಹೆಸರು ಇದೆಯೆಂದು ಕೆಲವರು ಭಾವಿಸಿದ್ದಾರೆ. ಇಲ್ಲ. ಅಲ್ಲಿ ಹೆಸರು ಹಿಡಿದು ಉಲ್ಲೇಖಗೊಂಡ ಏಕೈಕ ಮಹಿಳೆ ಮರ್ಯಮ್.

ಪಾಂಡೇಶ್ವರದ ಅಜ್ಜ

ಎಲ್ಲರಿಗೂ ಕೃತಜ್ಞತೆಗಳು. ದಾದಿಯವರ ಬರಹವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಇನ್ನೊಂದು ಸಂದೇಹ. ನಮ್ಮ ಉಮ್ಮನನ್ನು ಊರಿನಲ್ಲಿ ಎಲ್ಲರೂ ಖತೀಜಮ್ಮ ಎಂದೇ ಕರೆಯುತ್ತಿದ್ದರು, ಪಡಿತರ ಚೀಟಿಯಲ್ಲಿಯೂ ಹಾಗೆಯೇ ಇತ್ತು. ಖತೀಜಾ, ಖದೀಜಾ ಎರಡೂ ಒಂದೇ ಹೆಸರೋ, ಬೇರೆ ಬೇರೆಯೋ?

ಲಿಪಿಗಾರ

ಒಂದೇ ಹೆಸರು. ಅರಬಿ ಮೂಲದಲ್ಲಿ ಇರುವುದು ದಕಾರ. ಫಾತಿಮಾ ನಮ್ಮ ಕರಾವಳಿಯಲ್ಲಿ ಪಾತುಮ್ಮ ಆದಂತೆ, ಆಯಿಶಾ ಐಸಮ್ಮ ಆದಂತೆ, ಖದೀಜಾ ಖತೀಜಮ್ಮ ಆಗಿದ್ದಾಳೆ. ಬಾಯಿಂದ ಬಾಯಿಗೆ ಹೋಗುವ ಹೆಸರು ಆಯಾ ನೆಲದ ನಾಲಗೆಗೆ ಒಗ್ಗಿಕೊಳ್ಳುತ್ತದೆ. ತಮಿಳು ಲಿಪಿಯಲ್ಲಿ ತ, ದ ಎರಡಕ್ಕೂ ಒಂದೇ ಅಕ್ಷರ ಇರುವುದರಿಂದ ಅಲ್ಲಿ ಬರಹವನ್ನು ನೋಡಿ ಇದನ್ನು ನಿರ್ಧರಿಸಲಾಗುವುದೇ ಇಲ್ಲ.

ತುರ್ಕಿಯಲ್ಲಿ ಇದೇ ಹೆಸರು ‘ಹತಿಜೆ’ ಆಗಿದೆ. ಅರಬಿಯ ಖಾ ಎಂಬುದು ಗಂಟಲಿನ ಮೇಲ್ಭಾಗವನ್ನು ಉಜ್ಜಿಕೊಂಡು ಬರುವ ಧ್ವನಿ. ಇಸ್ತಾಂಬುಲಿನ ತುರ್ಕಿಯಲ್ಲಿ ಆ ಧ್ವನಿ ಇಲ್ಲದ ಕಾರಣ ಅದು ಹಕಾರವಾಯಿತು, ದಕಾರ ತಕಾರವಾಯಿತು. ಇಸ್ತಾಂಬುಲಿನ ಎಮಿನೋನು ದಡದಲ್ಲಿರುವ ಯೆನಿ ಜಾಮಿ ಎಂಬ ದೊಡ್ಡ ಮಸೀದಿಯನ್ನು ಅರ್ಧಕ್ಕೆ ನಿಂತಿದ್ದ ಸ್ಥಿತಿಯಿಂದ ಎತ್ತಿ 1660ರ ದಶಕದಲ್ಲಿ ಪೂರ್ಣಗೊಳಿಸಿದವರು ನಾಲ್ಕನೆಯ ಮೆಹ್ಮದನ ತಾಯಿ ತುರ್ಹಾನ್ ಹತಿಜೆ ಸುಲ್ತಾನ್. ನೈಜೀರಿಯಾದ ಹೌಸಾ ಭಾಷೆಯಲ್ಲಿ ‘ಹದೀಜಾ’, ಗಿನಿ ಹಾಗೂ ಮಾಲಿ ದೇಶಗಳ ಕಡೆ ‘ಕದಿಯಾತು’, ಸೆನೆಗಲ್‌ನಲ್ಲಿ ಮೊಟಕಾಗಿ ‘ಖಾಡಿ’. ಕೈರೋದವರು ಜೀಮ್ ಅಕ್ಷರವನ್ನು ಗಕಾರವಾಗಿ ಉಚ್ಚರಿಸುವುದರಿಂದ ಅಲ್ಲಿ ‘ಖದೀಗಾ’. ಉತ್ತರ ಆಫ್ರಿಕಾದ ಮುದ್ದಿನ ರೂಪ ‘ಖದ್ದೂಜ್’, ‘ಖದ್ದೂಜಾ’. ಅಲ್ಜೀರ್ಸ್ ನಗರದ ಕಸ್ಬಾ ಎಂಬ ಹಳೆಯ ಕೇರಿಯಲ್ಲಿ ‘ಕುರುಡಿ ಖದ್ದೂಜಳ ಮನೆ’ ಎಂಬ ಅರ್ಥದ ಹೆಸರುಳ್ಳ ಹಳೆಯ ಅರಮನೆಯೊಂದು ಇದ್ದು, ಅದು ಜನಪದ ಕಲೆಗಳ ವಸ್ತುಸಂಗ್ರಹಾಲಯವಾಗಿದೆ.

ಕನ್ನಡದಲ್ಲಿ ಬರೆಯುವಾಗ ಜಕಾರದ ಕೆಳಗೆ ಎರಡು ಚುಕ್ಕೆ ಹಾಕಿ ‘ಖದೀಜ಼ಾ’ ಎಂದೋ, ಇನ್ನೂ ಮುಂದೆ ಹೋಗಿ ‘ಖದೀಝಾ’ ಎಂದೋ ಬರೆಯುವ ಚಪಲ ಇತ್ತೀಚೆಗೆ ಹೆಚ್ಚಿದೆ. ಅರಬಿ ಹೆಸರೆಂದರೆ ಎಲ್ಲ ಜಕಾರಕ್ಕೂ ಚುಕ್ಕೆ ಬೇಕೆಂದು ಭಾವಿಸಿದವರ ಕೆಲಸ ಇದು. ಜೈನಬ್, ಜಹ್ರಾ ಎಂಬವುಗಳಲ್ಲಿ ಮೂಲ ಅಕ್ಷರ ಜಾಯ್, ಅಲ್ಲಿ ಚುಕ್ಕೆ ಹಾಕುವುದಕ್ಕೆ ಅರ್ಥವಿದೆ. ಖದೀಜಾದಲ್ಲಿ ಇರುವುದು ಜೀಮ್, ನಮ್ಮ ಜನರ ಬಾಯಿಯ ಜಕಾರವೇ ಅದು. ಚುಕ್ಕೆ ಹಾಕಬೇಕೆಂಬ ಆಸೆ ತಡೆಯಲಾಗದವರು ಖಕಾರಕ್ಕೆ ಹಾಕಲಿ.

ಕೊನೆಯ ದೀರ್ಘದ ಬಗ್ಗೆಯೂ ಒಂದು ಮಾತು. ಮೂಲದಲ್ಲಿ ಹೆಸರಿನ ಕೊನೆಗೆ ಒಂದು ವಿಶೇಷ ತಕಾರವಿದೆ. ಹೆಸರನ್ನು ಒಂಟಿಯಾಗಿ ಉಚ್ಚರಿಸುವಾಗ ಅದು ಕೇಳಿಸುವುದಿಲ್ಲ, ಮುಂದೆ ಇನ್ನೊಂದು ಪದ ಸೇರಿದಾಗ ಮೇಲೆ ಬರುತ್ತದೆ. ಆದುದರಿಂದಲೇ ಬಿರುದು ಸೇರಿದಾಗ ‘ಖದೀಜತುಲ್ ಕುಬ್ರಾ’. ಕರಾವಳಿಯಲ್ಲಿ ಇದನ್ನು ಪೂರ್ಣ ಹೆಸರಾಗಿ ಇಟ್ಟುಕೊಂಡವರೂ ಇದ್ದಾರೆ.

ಗುಮ್ಮಟದ ನೆರಳು

ವಿಜಯಪುರದವನಾದ ನಾನು ಇಲ್ಲಿ ಒಬ್ಬ ಖದೀಜಾರನ್ನು ನೆನೆಯದೆ ಇರಲಾರೆ. ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ (ಆಳ್ವಿಕೆ 1627–1656) ಅವರ ಬೇಗಂ ಖದೀಜಾ ಸುಲ್ತಾನಾ, ಗೋಲ್ಕೊಂಡದ ಅಬ್ದುಲ್ಲಾ ಕುತುಬ್ ಶಾಹನ ಸೋದರಿ. ‘ಬಡೀ ಸಾಹೇಬಾ’ ಎಂದು ಪ್ರಸಿದ್ಧರು. ಪತಿಯ ಮರಣದ ನಂತರ ಎರಡನೆಯ ಅಲಿ ಆದಿಲ್ ಶಾಹ ಎಳೆಯ ಪ್ರಾಯದಲ್ಲಿ ಪಟ್ಟಕ್ಕೆ ಬಂದಾಗ ರಾಜ್ಯದ ವ್ಯವಹಾರದಲ್ಲಿ ಅವರ ಕೈ ದೊಡ್ಡದಿತ್ತು. ಕವಿ ರುಸ್ತುಮಿ 1649ರಲ್ಲಿ ದಖನಿ ಭಾಷೆಯಲ್ಲಿ ಬೃಹತ್ ಕಥನಕಾವ್ಯವೊಂದನ್ನು ರಚಿಸಿದ್ದು ಅವರ ಅಪೇಕ್ಷೆಯ ಮೇರೆಗೆ. ನಮ್ಮ ಕಡೆ ಮನೆಮಾತಿನ ದಖನಿಯಲ್ಲಿ ಈ ಹೆಸರು ದಕಾರವನ್ನು ಉಳಿಸಿಕೊಂಡೇ ಇದೆ, ಖತೀಜಾ ಎನ್ನುವವರು ಕಡಿಮೆ.

ಮರುಳುನಾಡಿನ ದಾದಿ

ಗುಮ್ಮಟದ ನೆರಳು ಅವರು ರಾಣಿಯೊಬ್ಬರನ್ನು ಕರೆತಂದದ್ದರಿಂದ ನಮ್ಮ ಹೊನ್ನಾವರದ ದಾರಿಯಲ್ಲಿ ಇನ್ನೊಬ್ಬರನ್ನು ಕರೆತರುತ್ತೇನೆ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ. ಆ ಪಟ್ಟಣದಲ್ಲಿ ಹೆಣ್ಣು ಮಕ್ಕಳಿಗಾಗಿ 13, ಗಂಡು ಮಕ್ಕಳಿಗಾಗಿ 23 ಶಾಲೆಗಳನ್ನು ಕಂಡುದಾಗಿ ಅವನು ಬರೆದಿದ್ದಾನೆ. ಆ ಹುಡುಗಿಯರ ಹೆಸರುಗಳನ್ನೂ ಬರೆದಿದ್ದರೆ ಈ ಚರ್ಚೆಗೆ ಎಷ್ಟು ಸಹಾಯವಾಗುತ್ತಿತ್ತು! ಅದೇ ಪಯಣಗಳ ನಡುವೆ ಅವನು ಮಾಲ್ಡೀವ್ಸ್ ದ್ವೀಪಗಳಿಗೆ ಹೋಗಿ, ಅಲ್ಲಿ ನ್ಯಾಯಾಧೀಶನೂ ಆದ. ಆಗ ಆ ದ್ವೀಪಗಳನ್ನು ಆಳುತ್ತಿದ್ದವಳು ಖದೀಜಾ ಎಂಬ ರಾಣಿ, ಸುಲ್ತಾನ್ ಜಲಾಲುದ್ದೀನ್ ಉಮರನ ಮಗಳು. ಹೆಂಗಸೊಬ್ಬಳು ಆಳುವುದು ಈ ದ್ವೀಪಗಳ ಒಂದು ಸೋಜಿಗವೆಂದು ಅವನು ಬರೆಯುತ್ತಾನೆ. ಶುಕ್ರವಾರದ ಪ್ರವಚನದಲ್ಲಿ ಅವಳ ಹೆಸರು ಹಿಡಿದೇ ಪ್ರಾರ್ಥನೆ ಸಲ್ಲುತ್ತಿತ್ತು.

ನಿವೃತ್ತ ಕನ್ನಡ ಮೇಷ್ಟ್ರು

ಪದಶೋಧಕರಲ್ಲಿ ಒಂದು ಪ್ರಶ್ನೆ. ಬೇಗ ಹುಟ್ಟಿದ್ದಕ್ಕೆ ಒಂದು ಹೆಸರಿರುವಾಗ, ಕೂಸಿನ ಬೆಳವಣಿಗೆಯ ಮುಂದಿನ ಹಂತಗಳಿಗೂ ಹೆಸರುಗಳಿವೆಯೇ? ಹಾಗೆಯೇ ಖದೀಜ್ ಎಂಬ ಪುಲ್ಲಿಂಗ ರೂಪವನ್ನು ಗಂಡಸರ ಹೆಸರಾಗಿ ನಾನು ಎಲ್ಲಿಯೂ ಕೇಳಿಲ್ಲ. ಅದು ಬಳಕೆಯಲ್ಲಿತ್ತೇ?

ಪದಶೋಧಕ

ಮೊದಲ ಪ್ರಶ್ನೆಗೆ ಉತ್ತರ ಖದೀಜಾ ಅವರ ಮನೆಯಲ್ಲಿಯೇ ಇದೆ. ಅವರ ತಾಯಿಯ ಹೆಸರು ಫಾತಿಮಾ, ಜಾಇದಾ ಎಂಬವರ ಮಗಳು. ಅವರ ಕಿರಿಯ ಮಗಳ ಹೆಸರೂ ಫಾತಿಮಾ. ಫಾ, ತಾ, ಮೀಮ್ ಎಂಬ ಧಾತುವಿಗೆ ಮೊಲೆಹಾಲು ಬಿಡಿಸುವುದು ಎಂದರ್ಥ, ಹಾಲು ಬಿಟ್ಟ ಮಗು ‘ಫತೀಮ್’. ಫಾತಿಮಾ ಎಂಬುದನ್ನು ಹಾಲು ಬಿಡಿಸುವವಳು ಎಂದೂ ಹಾಲು ಬಿಟ್ಟವಳು ಎಂದೂ ವಿವರಿಸುತ್ತಾರೆ. ಮಕ್ಕಳು ಬದುಕಿ ಉಳಿಯುವುದೇ ದೊಡ್ಡದಾಗಿದ್ದ ಕಾಲದಲ್ಲಿ ಈ ಎರಡು ಗಡಿಗಳನ್ನು, ಅವಧಿಗೆ ಮೊದಲು ಹುಟ್ಟಿಯೂ ಉಳಿದದ್ದನ್ನೂ ಹಾಲು ಬಿಟ್ಟು ಅನ್ನಕ್ಕೆ ಹತ್ತಿದ್ದನ್ನೂ, ಹೆಸರಿನಲ್ಲಿ ಗುರುತಿಸಿಟ್ಟುಕೊಂಡದ್ದು ನನಗೆ ಅತ್ಯಂತ ಸಹಜವಾಗಿ ಕಾಣುತ್ತದೆ.

ಈ ಎರಡು ಗಡಿಗಳನ್ನು ಕೂಡಿಸಿ ಲೆಕ್ಕ ಹಾಕಿದ ಪ್ರಸಂಗವೊಂದು ಧರ್ಮಶಾಸ್ತ್ರದಲ್ಲಿ ಪ್ರಸಿದ್ಧವಾಗಿದೆ. ಮದುವೆಯಾದ ಆರು ತಿಂಗಳಿಗೆ ಹೆತ್ತ ಹೆಂಗಸಿನ ಮೇಲೆ ಆರೋಪ ಬಂದಾಗ ಅವಳ ಪರವಾಗಿ ಕುರ್‌ಆನಿನ ಎರಡು ವಾಕ್ಯಗಳನ್ನು ಮುಂದಿಡಲಾಯಿತು. ಒಂದರಲ್ಲಿ ಹೊರುವುದಕ್ಕೂ ಹಾಲು ಬಿಡಿಸುವುದಕ್ಕೂ ಸೇರಿ 30 ತಿಂಗಳು ಎಂದಿದೆ, ಇನ್ನೊಂದರಲ್ಲಿ ಹಾಲೂಡುವ ಪೂರ್ಣ ಅವಧಿ 2 ವರ್ಷ ಎಂದಿದೆ. 30ರಲ್ಲಿ 24 ಕಳೆದರೆ 6. ಹೀಗೆ ಆರು ತಿಂಗಳಿಗೆ ಹುಟ್ಟಿ ಬದುಕುವ ಕೂಸು ಉಂಟೆಂದು ಒಪ್ಪಿ ಆ ತಾಯಿಯ ಮಾನ ಉಳಿಸುವ ವಾದ ನಿಂತಿತು. ಈ ವಾದವನ್ನು ಕೆಲವು ವರದಿಗಳು ಅಲಿಯವರಿಗೂ ಕೆಲವು ಇಬ್ನ್ ಅಬ್ಬಾಸರಿಗೂ ಸಲ್ಲಿಸುತ್ತವೆ. ಖದೀಜ್ ಎಂಬ ಪದಕ್ಕೆ ಆ ಸಮಾಜದಲ್ಲಿ ಎಷ್ಟು ತೂಕವಿತ್ತೆಂಬುದು ಇದರಿಂದ ತಿಳಿಯುತ್ತದೆ.

ಪುಲ್ಲಿಂಗ ರೂಪ ಖಂಡಿತ ಬಳಕೆಯಲ್ಲಿತ್ತು. ಮದೀನಾದಲ್ಲಿ ಪ್ರವಾದಿಯವರಿಗೆ ನೆರವಾದ ಅನ್ಸಾರಿಗಳಲ್ಲಿ ರಾಫಿಅ್ ಇಬ್ನ್ ಖದೀಜ್ ಎಂಬವರಿದ್ದರು. ಹೆಸರೇ ಹೇಳುವಂತೆ ಅವರ ತಂದೆ ಖದೀಜ್. ಬದ್ರ್ ಯುದ್ಧಕ್ಕೆ ಹೊರಟಾಗ ತೀರ ಎಳೆಯರೆಂದು ರಾಫಿಅ್ ಅವರನ್ನು ಹಿಂದಕ್ಕೆ ಕಳುಹಿಸಲಾಯಿತು, ಮುಂದೆ ಉಹುದ್ ಯುದ್ಧದಲ್ಲಿ ಸೇರಿಸಿಕೊಳ್ಳಲಾಯಿತು. ಹೊಲವನ್ನು ಪಾಲಿಗೆ ಕೊಡುವುದು, ಗೇಣಿಗೆ ಕೊಡುವುದು ಇವುಗಳ ಕುರಿತ ಹದೀಸುಗಳಲ್ಲಿ ಹಲವು ಅವರ ಹೆಸರಿನಲ್ಲಿಯೇ ಬಂದಿವೆ. ಸ್ತ್ರೀಲಿಂಗದ ಹೆಸರು ಹಬ್ಬಿದಷ್ಟು ಪುಲ್ಲಿಂಗದ್ದು ಹಬ್ಬದೆ ಹೋದದ್ದಕ್ಕೆ ವ್ಯಾಕರಣದಲ್ಲಿ ಕಾರಣ ಹುಡುಕಬೇಕಾಗಿಲ್ಲ. 619ರಲ್ಲಿ ತೀರಿಕೊಂಡು ಮಕ್ಕಾದ ಹಜೂನ್ ಎಂಬ ಜಾಗದಲ್ಲಿ ಮಣ್ಣಾದ ಒಬ್ಬ ವ್ಯಾಪಾರಿ ಮಹಿಳೆಯ ಮೇಲಿನ ಗೌರವದಿಂದ ಒಂದು ರೂಪ ಹೌಸಾ ನಾಡಿನಿಂದ ಜಾವಾದವರೆಗೆ ಹೋಯಿತು. ಇನ್ನೊಂದು ರೂಪವನ್ನು ಇಂದು ಹೆಚ್ಚಾಗಿ ಕೇಳಬೇಕೆಂದರೆ ದಾದಿಯವರು ಹೇಳಿದ ಘಟಕದ ಕಡೆಗೇ ಹೋಗಬೇಕು.